ದಡವೇರಿದ ದಂಡು

ಘಟ್ಟದ ಮೇಲಿನ ನಮಗೆ ಕಡಲ ಕಾಳಗದ ಮಾತೇಕೆ ಎಂದು ಶ್ರೋತೃಗಳಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರು ಸಂಸ್ಥಾನಕ್ಕೆ ಒಂದು ಮಾರು ಕಡಲತೀರವೂ ಉಳಿಯಲಿಲ್ಲ. ಆದರೂ ಹಡಗಿನಿಂದಿಳಿದು ಶತ್ರುವಿನ ದಡವನ್ನು ಹಿಡಿಯಹೊರಟ ಸೇನೆಗಳ ಚರಿತ್ರೆಯನ್ನು ತೆರೆದು ನೋಡಿದರೆ, ಅದು ನಮ್ಮ ನಾಡನ್ನು ಮೂರು ಬಾರಿಯಾದರೂ ಹತ್ತಿರದಿಂದ ಮುಟ್ಟಿದೆ. ಒಮ್ಮೆ ಪರರ ದಂಡು ನಮ್ಮ ಕನ್ನಡದ ಕರಾವಳಿಯಲ್ಲಿಯೇ ಇಳಿಯಿತು. ಇನ್ನೊಮ್ಮೆ ಬೆಂಗಳೂರಿನ ಹೆಸರು ಹೊತ್ತ ದಂಡು ಆಫ್ರಿಕದ ದಡದಲ್ಲಿ ಇಳಿದು ಸೋತಿತು. ಮತ್ತೊಮ್ಮೆ ಬೆಂಗಳೂರಿನಲ್ಲಿ ಹುಟ್ಟಿದ ದಂಡು ಬರ್ಮದ ದಡದಲ್ಲಿ ಇಳಿದು ಗೆದ್ದಿತು. ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ವಿಚಾರಮಾಡುವುದು ನಮ್ಮ ಇಂದಿನ ಉದ್ದೇಶ.

ಮೊದಲು ಈ ಕಾರ್ಯದ ಸ್ವಭಾವವನ್ನು ತಿಳಿಯೋಣ. ನೆಲದ ಮೇಲೆ ಕಾದುವ ಸಿಪಾಯಿಗೆ ಹಿಂದೆ ಒಂದು ದಾರಿ ಇರುತ್ತದೆ. ಪಕ್ಕದಲ್ಲಿ ಒಂದು ಗುಡ್ಡವೋ ಹಳ್ಳವೋ ಮರೆಯಾಗುತ್ತದೆ. ದೋಣಿಯಲ್ಲಿ ಕುಳಿತ ಸಿಪಾಯಿಗೆ ಇವೊಂದೂ ಇಲ್ಲ. ದೋಣಿಯ ಮೂತಿ ಮರಳನ್ನು ಮುಟ್ಟುವ ತನಕ ಅವನ ಶೌರ್ಯದಿಂದ ಏನೂ ನಡೆಯದು. ಅಲ್ಲಿಯವರೆಗೆ ಅವನ ಪ್ರಾಣವು ಇತರರ ಕೈಯಲ್ಲಿದೆ: ನಕ್ಷೆ ಬರೆದವನ ಕೈಯಲ್ಲಿ, ಉಬ್ಬರವಿಳಿತದ ಹೊತ್ತನ್ನು ಎಣಿಸಿದವನ ಕೈಯಲ್ಲಿ, ದೋಣಿಯನ್ನು ಕಟ್ಟಿದವನ ಕೈಯಲ್ಲಿ, ಅಪ್ಪಣೆಯನ್ನು ಕೊಟ್ಟವನ ಕೈಯಲ್ಲಿ. ದಡವನ್ನು ಹಿಡಿದ ಮೇಲೂ ಕೆಲಸ ಮುಗಿಯಿತೆನ್ನಲಾಗದು. ಹಡಗು ಒಳನಾಡಿಗೆ ಬರಲಾರದಷ್ಟೆ. ಇಳಿದವರಿಗೆ ಅನ್ನವೂ ಮದ್ದುಗುಂಡೂ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಕೂಡಲೆ ಎದ್ದು ನಿಲ್ಲುತ್ತದೆ.

ಮೊದಲನೆಯ ಕಥೆ ಈ ಪ್ರಶ್ನೆಯದೇ. 1782ರ ಡಿಸೆಂಬರಿನಲ್ಲಿ ಹೈದರಾಲಿಯು ತೀರಿಕೊಂಡನು. ಟಿಪ್ಪುವು ಆಗ ದೂರದಲ್ಲಿದ್ದನು. ಇದೇ ಸಮಯವೆಂದು ಬೊಂಬಾಯಿಯ ಕಂಪೆನಿ ಸರ್ಕಾರವು ಜನರಲ್ ಮ್ಯಾಥ್ಯೂಸ್ ಎಂಬವನನ್ನು ಕನ್ನಡ ಕರಾವಳಿಗೆ ಕಳುಹಿಸಿತು. 1783ರ ಜನವರಿಯಲ್ಲಿ ಅವನ ದಂಡು ಕುಮಟೆಯ ಕಡೆ, ಅಘನಾಶಿನಿಯ ಅಳಿವೆಯ ಹತ್ತಿರ ಇಳಿಯಿತು. ಹೊನ್ನಾವರದ ಕೋಟೆಯನ್ನು ಲಗ್ಗೆಹತ್ತಿ ಹಿಡಿಯಿತು. ಕುಂದಾಪುರವನ್ನು ತೆಗೆದುಕೊಂಡು, ಹೊಸಂಗಡಿಯ ಘಟ್ಟವನ್ನೇರಿ, ಬಿದನೂರಿಗೆ ಬಂದಿತು. ಬಿದನೂರಿನ ಅಧಿಕಾರಿಯಾಗಿದ್ದ ಅಯಾಜನು ಕಾದಾಡದೆ ಊರನ್ನು ಒಪ್ಪಿಸಿದನು. ಒಂದು ತಿಂಗಳೊಳಗೆ ಇಷ್ಟೆಲ್ಲ ನಡೆದುಹೋಯಿತು. ನೋಡಿದವರಿಗೆ ಇದೊಂದು ಪವಾಡವೆಂದೇ ತೋರಿರಬೇಕು.

ಆದರೆ ಮ್ಯಾಥ್ಯೂಸನ ದಂಡಿನ ಜೀವದಾರವು ಘಟ್ಟದ ಕೆಳಗೆ, ಹಡಗುಗಳ ಬಳಿ ಉಳಿದಿತ್ತು. ಏಪ್ರಿಲಿನಲ್ಲಿ ಟಿಪ್ಪುವು ದೊಡ್ಡ ಸೈನ್ಯದೊಡನೆ ಬಂದು ಮೊದಲು ಘಟ್ಟದ ದಾರಿಗಳನ್ನು ಕಟ್ಟಿದನು. ದಾರ ತುಂಡಾಯಿತು. ಕೆಲವೇ ವಾರಗಳಲ್ಲಿ ಬಿದನೂರಿನ ದಂಡು ಶರಣಾಯಿತು. ಮ್ಯಾಥ್ಯೂಸನು ಅದೇ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತನು. ದಡವನ್ನು ಹಿಡಿಯುವುದು ಬೇರೆ, ನಾಡನ್ನು ಹಿಡಿಯುವುದು ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ನಿದರ್ಶನವು ದುರ್ಲಭ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಘಟ್ಟದ ಮೇಲೆ ಹಡಗಿನ ಕೆಲಸವನ್ನು ಮಾಡುತ್ತಿದ್ದುದು ಎತ್ತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಬಂಜಾರ ಜನರು ತಮ್ಮ ಗುರು ಸೇವಾಲಾಲರ ಜನ್ಮಸ್ಥಳವೆಂದು ಪೂಜಿಸುತ್ತಾರೆ. ಆ ಸಮುದಾಯದವರು, ಎಂದರೆ ನಾವು ಲಂಬಾಣಿಗಳೆನ್ನುವವರು, ಹದಿನೆಂಟನೆಯ ಶತಮಾನದಲ್ಲಿ ಎತ್ತಿನ ಹಿಂಡುಗಳ ಬೆನ್ನಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದೇಶದೇಶಗಳನ್ನು ಸುತ್ತುತ್ತಿದ್ದರು. 1791-92ರ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯವು ಹೊಟ್ಟೆಗೆ ನೆಚ್ಚಿದ್ದು ಬಹುಮಟ್ಟಿಗೆ ಇವರು ತಂದ ಧಾನ್ಯವನ್ನೇ. ಸೇನಾಪತಿಗಳ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಧಾನ್ಯ ತಂದವರ ಹೆಸರು ಉಳಿಯಲಿಲ್ಲ. ಬೆನ್ನ ಹಿಂದೆ ಅನ್ನದ ದಾರಿಯಿಲ್ಲದ ದಂಡು ಎಷ್ಟು ದಿನ ನಿಂತೀತೆಂಬುದಕ್ಕೆ ಬಿದನೂರೇ ಸಾಕ್ಷಿ.

ಎರಡನೆಯ ಕಥೆಗೆ ಬರೋಣ. ಒಂದನೆಯ ಮಹಾಯುದ್ಧವು ಪ್ರಾರಂಭವಾದ ಕೆಲವೇ ತಿಂಗಳುಗಳಲ್ಲಿ, ಜರ್ಮನರ ವಶದಲ್ಲಿದ್ದ ಪೂರ್ವ ಆಫ್ರಿಕದ ಟಾಂಗಾ ಬಂದರನ್ನು ಹಿಡಿಯಲು ಭಾರತದಿಂದ ಸುಮಾರು 8,000 ಜನರ ದಂಡು ಹೊರಟಿತು. ಅದರ ಒಂದು ಭಾಗವು 27ನೆಯ ಬ್ರಿಗೇಡು. ಬೆಂಗಳೂರು ಬ್ರಿಗೇಡು ಎಂದೇ ಅದಕ್ಕೆ ಹೆಸರು. ಬೆಂಗಳೂರಿನ ದಂಡುಪ್ರದೇಶದಲ್ಲಿದ್ದ ಲಾಯಲ್ ನಾರ್ತ್ ಲ್ಯಾಂಕಷೈರ್ ಎಂಬ ಬಿಳಿಯರ ಪಡೆಯೂ, 63ನೆಯ ಪಾಳಯಂಕೋಟೆ ಪಡೆಯೂ, 98ನೆಯ ಕಾಲ್ದಳವೂ, 101ನೆಯ ಗ್ರೆನೇಡಿಯರ್ ಪಡೆಯೂ ಅದರಲ್ಲಿದ್ದುವು. ಇವರಲ್ಲಿ ಬಹುಮಂದಿಗೆ ಸಮುದ್ರವೇ ಹೊಸದು. 1914ರ ಅಕ್ಟೋಬರ್ 16ರಂದು ಬೊಂಬಾಯಿಯನ್ನು ಬಿಟ್ಟವರು ನವೆಂಬರ್ 2ರಂದು ಟಾಂಗಾವನ್ನು ಕಂಡರು. 17 ದಿನಗಳ ಕಾಲ ಇಕ್ಕಟ್ಟಾದ ಹಡಗುಗಳಲ್ಲಿ ವಾಂತಿ ಜ್ವರಗಳಿಂದ ಬಳಲಿದ ಈ ಜನರನ್ನು ಮೊಂಬಾಸಾದಲ್ಲಿ ಇಳಿಸಿ ಒಂದೆರಡು ದಿನ ನೆಲದ ಮೇಲೆ ನಡೆದಾಡಿಸುವಷ್ಟು ವ್ಯವಧಾನವೂ ಸೇನಾಪತಿ ಐಟ್ಕೆನನಿಗೆ ಇರಲಿಲ್ಲ.

ಮುಂದೆ ನಡೆದುದು ತಪ್ಪುಗಳ ಸರಮಾಲೆ. ಯುದ್ಧನೌಕೆಯ ಕಪ್ತಾನನು ಮೊದಲು ಊರಿಗೆ ಹೋಗಿ, ಶರಣಾಗಿರೆಂದು ಜರ್ಮನರನ್ನು ಕೇಳಿ, ದಂಡು ಬಂದಿದೆಯೆಂದು ತಾನೇ ಸಾರಿದಂತಾಯಿತು. ಬಂದರಿನಲ್ಲಿ ಸಿಡಿಗುಂಡುಗಳನ್ನು ಹುದುಗಿಸಿರಬಹುದೆಂದು ಹುಡುಕುವುದರಲ್ಲಿ ಮತ್ತಷ್ಟು ಹೊತ್ತು ಕಳೆಯಿತು. ಅಷ್ಟರಲ್ಲಿ ಜರ್ಮನ್ ಸೇನಾನಿ ಲೆಟ್ಟೋ-ಫೋರ್ಬೆಕ್ ಎಂಬವನು ರೈಲಿನಲ್ಲಿ ತನ್ನ ಜನರನ್ನು ತಂದು ಸೇರಿಸಿದನು. ಇಳಿಯುವ ಸ್ಥಳವನ್ನು ಯಾರೂ ಮುಂಚಿತವಾಗಿ ನೋಡಿರಲಿಲ್ಲ. ಸಾಮಾನು ಸಾಗಿಸುವ ಚಪ್ಪಟೆ ದೋಣಿಗಳಲ್ಲಿ ಸಿಪಾಯಿಗಳನ್ನು ತುಂಬಿ, ಉಗಿದೋಣಿಗಳಿಂದ ಎಳೆಸಿ, ಕಾಂಡ್ಲಾ ಗಿಡಗಳ ಕೆಸರಿನ ಬಳಿ ಬಿಟ್ಟರು. ಉಳಿದ ದೂರವನ್ನು ಅವರು ನೀರಿನಲ್ಲಿಯೇ ನಡೆದು ಹತ್ತಬೇಕಾಯಿತು. ನವೆಂಬರ್ 4ರಂದು ದಟ್ಟವಾದ ತೋಟಕಾಡುಗಳ ನಡುವೆ ಮುಂದುವರಿದಾಗ ಯಾರು ಎಲ್ಲಿದ್ದಾರೆಂಬುದೇ ತಿಳಿಯದಾಯಿತು. ಗುಂಡಿನ ಸದ್ದಿಗೆ ಕೆರಳಿದ ಜೇನುಹುಳುಗಳು 98ನೆಯ ಪಡೆಯನ್ನು ಮುತ್ತಿ ಚದುರಿಸಿದುವು. ಸುಮಾರು 1,000 ಜನರ ಎದುರಿನಲ್ಲಿ 8,000 ಜನರ ದಂಡು ಸೋತು, ಮರುದಿನ ಹಡಗನ್ನೇರಿತು. ಸತ್ತವರೂ ಗಾಯಗೊಂಡವರೂ ಸೇರಿ 800ಕ್ಕೂ ಮೇಲೆ. ದಡದಲ್ಲಿ ಬಿಟ್ಟುಬಂದ ಬಂದೂಕುಗಳೂ ಮದ್ದುಗುಂಡುಗಳೂ ಶತ್ರುವಿಗೆ ಬಹುಕಾಲ ಉಪಯೋಗಕ್ಕೆ ಬಂದುವು.

ಜೇನಿನ ಕಥೆಯನ್ನು ಹೇಳಿ ನಗುವವರುಂಟು. ನಮಗೆ ನಗು ಬಾರದು. ಜೇನಿಗಿಂತ ಮೊದಲೇ ಆ ಸಿಪಾಯಿಗಳನ್ನು ಸೋಲಿಸಿದುದು ಅವರ ಮೇಲಿನವರ ಅಲಕ್ಷ್ಯ.

1915ರ ಏಪ್ರಿಲಿನಲ್ಲಿ ಗೆಲಿಪೊಲಿಯಲ್ಲಿಯೂ ಹುಟ್ಟುಹಾಕುವ ತೆರೆದ ದೋಣಿಗಳೇ ದಡಕ್ಕೆ ಹೋದುವು. ಅಲ್ಲಿ ಆದ ಹಾನಿಯು ಲೋಕಪ್ರಸಿದ್ಧ. ಈ ಪಾಠಗಳಿಂದ ಮುಂದಿನ ಕಾಲದಲ್ಲಿ ಹೊಸ ಬಗೆಯ ದೋಣಿಯೊಂದು ರೂಪುಗೊಂಡಿತು. ಇದನ್ನೇ ಇಂಗ್ಲಿಷರು ಲ್ಯಾಂಡಿಂಗ್ ಕ್ರಾಫ್ಟ್ ಎಂದು ಕರೆದರು. ಇದರ ತಳವು ಚಪ್ಪಟೆ. ಮೊಳಕಾಲು ಮುಳುಗುವಷ್ಟು ನೀರಿದ್ದರೂ ಇದರ ಮೂತಿಯು ದಡಕ್ಕೆ ತಾಗುವುದು. ಮುಂಭಾಗವು ಕೋಟೆಯ ಬಾಗಿಲಿನಂತೆ ಕೆಳಕ್ಕೆ ಬಿದ್ದು ಸೇತುವೆಯಾಗುವುದು. ಅಮೆರಿಕದ ಹಿಗಿನ್ಸ್ ಎಂಬವನು ಕಟ್ಟಿಸಿದ ದೋಣಿಯು 36 ಅಡಿ ಉದ್ದವಿದ್ದು, 36 ಜನರನ್ನು ಒಯ್ಯುತ್ತಿದ್ದಿತು. ಟ್ಯಾಂಕುಗಳನ್ನು ಒಯ್ಯುವ ದೊಡ್ಡ ಹಡಗುಗಳು ಬೇರೆ. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಇಳಿದವರು ಮುಳ್ಳುತಂತಿಯನ್ನು ಸೀಳಲು ಬಳಸಿದ ಮದ್ದಿನ ಕೊಳವೆಗೆ ಬೆಂಗಳೂರು ಟಾರ್ಪಿಡೊ ಎಂದು ಹೆಸರು. ಅದನ್ನು 1912ರಲ್ಲಿ ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಕಪ್ತಾನ್ ಮೆಕ್ಲಿಂಟಾಕನು ಕಲ್ಪಿಸಿದನು.

ಇಂಥ ದೋಣಿಗಳು ಎಲ್ಲರಿಗೂ ಬೇಕು, ಯಾರಿಗೂ ಸಾಲವು ಎಂಬಂತಾಯಿತು. ಅಂಡಮಾನ್ ದ್ವೀಪಗಳನ್ನು ಜಪಾನಿಯರಿಂದ ಬಿಡಿಸುವ ಯೋಜನೆಯನ್ನು 1943ರ ಡಿಸೆಂಬರಿನಲ್ಲಿ ಕೈಬಿಟ್ಟರು. ಯೂರೋಪಿಗೆ ದೋಣಿಗಳು ಬೇಕಾಗಿದ್ದುದೇ ಕಾರಣ. ನಮ್ಮ ಮೂರನೆಯ ಕಥೆಯ ದಂಡು ಕಾಯುತ್ತಿದ್ದುದೂ ಈ ದೋಣಿಗಳಿಗಾಗಿಯೇ. ಅದು 1942ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ರಚಿತವಾದ 25ನೆಯ ಭಾರತೀಯ ಡಿವಿಷನ್ನು. ದಕ್ಷಿಣ ಭಾರತದಲ್ಲಿ ಶಿಕ್ಷಣ ಪಡೆದು, 1944ರಲ್ಲಿ ಬರ್ಮದ ಅರಕಾನ್ ತೀರಕ್ಕೆ ಅದು ಹೋಯಿತು.

1945ರ ಜನವರಿ 3ರಂದು ಅಕ್ಯಾಬ್ ದ್ವೀಪದಲ್ಲಿ ಇಳಿದಾಗ ಜಪಾನಿಯರು ಆಗಲೇ ಹೊರಟುಹೋಗಿದ್ದರು. ಒಂದು ಗುಂಡೂ ಹಾರಲಿಲ್ಲ. ಮ್ಯೇಬಾನಿನಲ್ಲಿ ಹಾಗಲ್ಲ. ಅಲ್ಲಿನ ತೀರದಲ್ಲಿ ದೋಣಿಗಳನ್ನು ತಡೆಯಲು ಮರದ ಗೂಟಗಳನ್ನು ನೆಟ್ಟಿದ್ದರು. ಜನವರಿ 12ರ ಬೆಳಗಿನ ಜಾವಕ್ಕೆ ಮುಂಚೆ ಕೆಲವರು ಕತ್ತಲಿನಲ್ಲಿ ಹೋಗಿ ಆ ಗೂಟಗಳಿಗೆ ಹೊತ್ತಿಗೆ ಸರಿಯಾಗಿ ಸಿಡಿಯುವ ಮದ್ದನ್ನು ಕಟ್ಟಿ ಬಂದರು. ಬೆಳಗಾಗುವ ವೇಳೆಗೆ ದಾರಿ ತೆರೆದಿತ್ತು. ಕಮಾಂಡೋ ಪಡೆ ಮೊದಲು ಇಳಿಯಿತು. ನೀರು ಇಳಿಯತೊಡಗಿದ ಮೇಲೆ ಬಂದವರು ಸೊಂಟದವರೆಗೂ ಕೆಸರಿನಲ್ಲಿ ಹೂತು ತೊಳಲಿದರು; ಆದರೂ ದಡವು ಕೈವಶವಾಯಿತು. ಭಾರತೀಯ ನೌಕಾದಳದ ನರ್ಮದಾ, ಜಮುನಾ ಎಂಬ ನೌಕೆಗಳು ಆ ತೀರದ ಕಾಳಗಗಳಲ್ಲಿ ತೋಪುಗಳಿಂದ ನೆರವಾದುವು.

ಜನವರಿ 22ರಂದು ಕಾಂಗಾ ಎಂಬಲ್ಲಿ ಇಳಿದರು. ಜಪಾನಿಯರು ಹಿಂದೆಗೆಯುತ್ತಿದ್ದ ರಸ್ತೆಯನ್ನು ಕಡಿಯುವುದು ಉದ್ದೇಶ. ಇಲ್ಲಿ ಕಡಲ ದಡವೇ ಅಲ್ಲ, ಕಾಂಡ್ಲಾ ಕಾಡಿನ ನಡುವಣ ಇಕ್ಕಟ್ಟಾದ ಉಪ್ಪುನೀರಿನ ಹೊಳೆಗಳಲ್ಲಿ ದೋಣಿಗಳು ಸುತ್ತಿಬಂದುವು. ಜಪಾನಿಯರು ಕೆರಳಿ ಮೇಲೆ ಬಿದ್ದರು. 170ನೆಯ ಗುಡ್ಡದ ಮೇಲೆ ಜನವರಿ 31ರಂದು ಕೈಗೆಕೈ ಹತ್ತಿದ ಯುದ್ಧವೇ ನಡೆಯಿತು. ಕಮಾಂಡೋಗಳ ಬೆನ್ನಿಗೆ ಬಂದ 51ನೆಯ ಬ್ರಿಗೇಡಿನ ಮೂರು ಪಡೆಗಳಿಗೂ ಭಾರತೀಯರೇ ನಾಯಕರಾಗಿದ್ದರು: ಸೇನ್, ಥೋರಟ್, ಮತ್ತು ಮಡಿಕೇರಿಯಲ್ಲಿ ಹುಟ್ಟಿದ ನಮ್ಮ ತಿಮ್ಮಯ್ಯನವರು. ತಿಮ್ಮಯ್ಯನವರ ಪಡೆಯು 19ನೆಯ ಹೈದರಾಬಾದ್ ರೆಜಿಮೆಂಟಿನ 8ನೆಯದು. ಭಾರತೀಯರಿಗೆ ಹಿರಿಯ ನಾಯಕತ್ವವು ಸಲ್ಲದೆಂದು ವಾದಿಸುತ್ತಿದ್ದವರಿಗೆ ಕಾಂಗಾದ ಕೆಸರಿನಲ್ಲಿ ಉತ್ತರ ದೊರೆಯಿತು. ತಿಮ್ಮಯ್ಯನವರು ಮುಂದೆ 1957ರಿಂದ 1961ರವರೆಗೆ ಸ್ವತಂತ್ರ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು.

ಇಷ್ಟರಿಂದ ಎಲ್ಲವನ್ನೂ ಕಲಿತಂತಾಯಿತೆ? ಇಲ್ಲ. 1945ರ ಸೆಪ್ಟೆಂಬರ್ 9ರಂದು ಇದೇ 25ನೆಯ ಡಿವಿಷನ್ನು ಮಲಯದ ಮೋರಿಬ್ ತೀರದಲ್ಲಿ ಇಳಿಯಿತು. ಜಪಾನು ಆಗಲೇ ಶರಣಾಗಿದ್ದುದರಿಂದ ಎದುರಿಸುವವರಿರಲಿಲ್ಲ. ಆದರೆ ಮೇಲೆ ಗಟ್ಟಿಯಾಗಿ ತೋರಿದ ಮರಳಿನ ಕೆಳಗೆ ಮೆತ್ತನೆಯ ಕೆಸರು. ಬಂಡಿಗಳು ಸಾಲುಸಾಲಾಗಿ ಹೂತುಹೋದುವು. ಅಲ್ಲಿ ತೋಪುಗಳು ಕಾದಿದ್ದರೆ ಟಾಂಗಾದ ಹೆಸರಿನ ಪಕ್ಕದಲ್ಲಿ ಇನ್ನೊಂದು ಹೆಸರನ್ನು ಬರೆಯಬೇಕಾಗುತ್ತಿತ್ತು.

ಟಾಂಗಾದಲ್ಲಿ ಸತ್ತವನೂ ಕಾಂಗಾದಲ್ಲಿ ಗೆದ್ದವನೂ ಒಂದೇ ಬಗೆಯ ಹಳ್ಳಿಗಳಿಂದ ಬಂದ ರೈತರ ಮಕ್ಕಳು. ಇಬ್ಬರೂ ತಾವು ಆರಿಸದ ಯುದ್ಧಕ್ಕೆ, ಪರರ ಸಾಮ್ರಾಜ್ಯಕ್ಕಾಗಿ ಹೋದವರು. ಧೈರ್ಯದಲ್ಲಿ ಹೆಚ್ಚುಕಡಿಮೆ ಇರಲಿಲ್ಲ. ಮ್ಯೇಬಾನಿನ ದಡದಲ್ಲಿ ಕತ್ತಲಿನಲ್ಲಿ ಗೂಟಗಳನ್ನು ಎಣಿಸಲು ಒಬ್ಬನು ಮುಂದಾಗಿ ಹೋಗಿದ್ದನು. ಟಾಂಗಾದ ದಡಕ್ಕೆ ಯಾರೂ ಹೋಗಿರಲಿಲ್ಲ. ಭೇದವು ಇಷ್ಟೆ. ಸೇನೆಯನ್ನು ಕಳುಹಿಸುವವರು, ಅದರಲ್ಲಿಯೂ ಪ್ರಜೆಗಳೇ ಪ್ರಭುಗಳಾಗಿರುವ ನಾವು, ದೋಣಿಯಲ್ಲಿ ಕುಳಿತವನ ಪರವಾಗಿ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ: ದಡವನ್ನು ಯಾರಾದರೂ ನೋಡಿ ಬಂದಿದ್ದಾರೆಯೆ?