ಜೋಳಿಗೆಯ ಸಂಗೀತ ಶಾಲೆ: ಗದುಗಿನ ವೀರೇಶ್ವರ ಪುಣ್ಯಾಶ್ರಮ

ಗದುಗಿನ ವೀರೇಶ್ವರ ಪುಣ್ಯಾಶ್ರಮ ನೆಲೆ ಕಂಡುಕೊಂಡದ್ದು 1942ರಲ್ಲಿ. ಆದರೆ ಅಲ್ಲಿನ ಪಾಠ ಅದಕ್ಕಿಂತ ಮೂರು ದಶಕದಷ್ಟು ಹಳೆಯದು. ಆ ಕಾಲದ ಬಹುಪಾಲು ಅದು ಊರೂರು ತಿರುಗುವ ಶಾಲೆಯಾಗಿತ್ತು. ಕಣ್ಣಿಲ್ಲದ ಒಬ್ಬ ಗುರು, ಅವರ ಹಿಂದೆ ಶಿಷ್ಯರ ಗುಂಪು, ತಂಬೂರಿ, ಹಾರ್ಮೋನಿಯಂ, ತಬಲಾ ಇಷ್ಟೇ ಅದರ ಆಸ್ತಿ. ಹೋದ ಊರಿನ ಮಠವೋ ಗುಡಿಯೋ ಪಾಠದ ಮನೆಯಾಗುತ್ತಿತ್ತು, ಆ ಊರಿನ ಭಕ್ತರು ಕೊಟ್ಟ ಜೋಳವೇ ಊಟಕ್ಕೆ ಆಧಾರವಾಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಹಿಂದೂಸ್ತಾನಿ ಸಂಗೀತ ಹಳ್ಳಿಗಳವರೆಗೂ ಇಳಿದುದಕ್ಕೆ ಕಾರಣ ಹುಡುಕುವವರು ಧಾರವಾಡದ ಕಡೆಗೇ ಮೊದಲು ನೋಡುತ್ತಾರೆ. ಈ ತಿರುಗುವ ಶಾಲೆಯ ಪಾಲೂ ಅದರಲ್ಲಿ ಸಣ್ಣದಲ್ಲ.

ಇದರ ಮೂಲ ಹಾನಗಲ್ಲ ಕುಮಾರಸ್ವಾಮಿಗಳಲ್ಲಿದೆ. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವನ್ನೂ ಕಟ್ಟಿದವರು ಅವರು. ಮಠಗಳಿಗೆ ಓದಿದ ಸ್ವಾಮಿಗಳನ್ನು ತಯಾರು ಮಾಡುವುದು ಮಂದಿರದ ಮುಖ್ಯ ಉದ್ದೇಶ. ಅದರ ಜೊತೆಗೇ ಸಂಗೀತಕ್ಕೂ ಅಲ್ಲಿ ಜಾಗ ಸಿಕ್ಕಿತು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಅಂಧ ಬಾಲಕನ ಕಂಠ ಸ್ವಾಮಿಗಳ ಕಿವಿಗೆ ಬಿತ್ತು. ಅವನ ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಬಡ ಮನೆತನದ ಇಬ್ಬರು ಅಂಧ ಮಕ್ಕಳನ್ನು ಕರೆದೊಯ್ದು ಸಂಗೀತ ಕಲಿಸುವ ಹೊಣೆಯನ್ನು ಸ್ವಾಮಿಗಳೇ ಹೊತ್ತರು. ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳಾದದ್ದು.

ಗವಾಯಿಗಳ ಕಲಿಕೆ ಎರಡು ದಾರಿಯಲ್ಲಿ ಸಾಗಿತು. ಕರ್ನಾಟಕ ಸಂಗೀತಕ್ಕಾಗಿ ಅವರನ್ನು ಮೈಸೂರಿಗೆ ಕಳಿಸಲಾಯಿತು. ಹಿಂದೂಸ್ತಾನಿ ಸಂಗೀತವನ್ನು ಅವರು ಮಿರಜದ ನೀಲಕಂಠಬುವಾ ಆಲೂರಮಠ ಅವರಲ್ಲಿ ಕಲಿತರು. ಗಾಯಕ ಮಲ್ಲಿಕಾರ್ಜುನ ಮನಸೂರರ ಮೊದಲ ದೊಡ್ಡ ಗುರುಗಳೂ ಈ ನೀಲಕಂಠಬುವಾ ಅವರೇ. ಎರಡೂ ಪದ್ಧತಿಗಳನ್ನು ಒಬ್ಬರೇ ಕಲಿಸುವುದು ಆಗಿನ ಕಾಲಕ್ಕೆ ಅಪರೂಪ. ಗವಾಯಿಗಳಿಗೆ ‘ಉಭಯ ಗಾನ ವಿಶಾರದ’ ಎಂಬ ಬಿರುದು ಬಂದದ್ದು ಹೀಗೆ.

ನೀಲಕಂಠಬುವಾ ಗ್ವಾಲಿಯರ್ ಘರಾಣೆಯ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಅದೇ ಗುರುವಿನ ಇನ್ನೊಬ್ಬ ಶಿಷ್ಯ ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ಆಸ್ಥಾನದ ಹಂಗಿಲ್ಲದೆ ಜನರ ದೇಣಿಗೆಯಿಂದ ಸಂಗೀತ ಶಾಲೆ ನಡೆಸಬಹುದೆಂದು ತೋರಿಸಿದರು. ಆಮೇಲೆ ಮುಂಬಯಿಯಲ್ಲಿ ಸಾಲ ತೆಗೆದು ಕಟ್ಟಡ ಕಟ್ಟಿದರು. ಸಾಲ ತೀರದೆ 1924ರಲ್ಲಿ ಅದು ಹರಾಜಾಯಿತು. ಅವರ ಶಿಷ್ಯರು ದೇಶದ ತುಂಬ ಹರಡಿ ಆ ಪರಂಪರೆಯನ್ನು ಉಳಿಸಿಕೊಂಡರೆಂಬುದು ಬೇರೆ ಮಾತು. ಒಂದೇ ಗುರುಮನೆಯಿಂದ ಹೊರಟ ಇನ್ನೊಂದು ಕವಲು ಕನ್ನಡ ನಾಡಿನಲ್ಲಿ ಕಟ್ಟಡದ ಗೊಡವೆಗೇ ಹೋಗಲಿಲ್ಲ. ಹರಾಜಿಗೆ ಬರುವಂಥದ್ದು ಅದರ ಬಳಿ ಏನೂ ಇರಲಿಲ್ಲ.

1914ರ ಸುಮಾರಿಗೆ ನಿಡಗುಂದಿಕೊಪ್ಪದಲ್ಲಿ ಮೊದಲಾದ ಈ ಪಾಠಶಾಲೆ ಮುಂದೆ ಸಂಚಾರಕ್ಕೆ ಹೊರಟಿತು. ಸೇರಿದವರಲ್ಲಿ ಹೆಚ್ಚಿನವರು ಅಂಧರು, ಅಂಗವಿಕಲರು, ತಂದೆತಾಯಿ ಇಲ್ಲದವರು, ಹೊಟ್ಟೆಗಿಲ್ಲದವರು. ಹೀಗಾಗಿ ಸಂಗೀತದ ಪಾಠಕ್ಕಿಂತ ಮುಂಚೆ ಅನ್ನದ ಚಿಂತೆ ಮಾಡಬೇಕಿತ್ತು. ಶಾಲೆಯ ಜೊತೆಗೆ ಭಿಕ್ಷೆಯ ಜೋಳಿಗೆ ಹೊರಟದ್ದು ಅದಕ್ಕೇ. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದ ಮೇಲೆ ದೊಡ್ಡ ಆಸರೆಯೊಂದು ಕಳಚಿತು. ಗವಾಯಿಗಳು ಶಾಲೆ ಮುಚ್ಚಲಿಲ್ಲ. ಕೀರ್ತನೆ, ಕಚೇರಿ, ನಾಟಕಗಳ ಗಳಿಕೆಯಲ್ಲಿ ಮಕ್ಕಳನ್ನು ಸಾಕಿದರು.

ಕಣ್ಣಿಲ್ಲದ ಗುರು ಕಣ್ಣಿಲ್ಲದ ಶಿಷ್ಯನಿಗೆ ಕಲಿಸುವಾಗ ಪುಸ್ತಕಕ್ಕೂ ಸ್ವರಲಿಪಿಗೂ ಕೆಲಸವಿಲ್ಲ. ಗುರು ಹಾಡಿದ್ದನ್ನು ಶಿಷ್ಯ ತಿರುಗಿ ಹಾಡಬೇಕು, ಸರಿಹೋಗುವ ತನಕ ಹಾಡಬೇಕು. ತಂಬೂರಿಯ ತಂತಿಗಳನ್ನು ಕೂಡಿಸುವುದು ಕಿವಿಯ ಕೆಲಸ. ತಬಲಾದ ಬೋಲು ಬಾಯಲ್ಲಿ ಕೂತ ಮೇಲೆ ಕೈಗೆ ಇಳಿಯುತ್ತದೆ. ಯಾವ ಬೆರಳು ಅಂಚಿನ ಚಾಟಿಯ ಮೇಲೆ, ಯಾವುದು ಕರಿಯ ಶಾಹಿಯ ಮೇಲೆ ಎಂಬುದನ್ನು ಹುಡುಗನ ಕೈಹಿಡಿದೇ ತೋರಿಸಬೇಕಾಗುತ್ತದೆ. ದೊಡ್ಡ ವಿದ್ಯಾರ್ಥಿಗಳು ಚಿಕ್ಕವರಿಗೆ ಹೇಳಿಕೊಡುವುದು ಇಂಥ ಮನೆಯಲ್ಲಿ ತಾನಾಗಿಯೇ ಬೆಳೆಯುವ ಪದ್ಧತಿ. ಕಂಠಪಾಠದ ಈ ಕ್ರಮ ನಿಧಾನದ್ದು. ಆದರೆ ಚೀಜು (ಹಾಡಿನ ರಚನೆ), ತಾಳ, ರಾಗದ ನಡೆ ಒಟ್ಟಿಗೇ ಮನಸ್ಸಿಗೆ ಇಳಿಯುವುದರಿಂದ ಕಲಿತದ್ದು ಬೇಗ ಮರೆಯುವುದಿಲ್ಲ.

ಶಾಲೆಯ ಮಟ್ಟಕ್ಕೆ ಸಾಕ್ಷಿಯಾಗಿ ಒಂದು ಪ್ರಸಂಗವನ್ನು ನೋಡಬಹುದು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆದಾಗ ಯಲಿವಾಳದ ತರುಣ ಬಸವರಾಜ ರಾಜಗುರು ಹಾಡಿದರು. ಪಕ್ಕದಲ್ಲಿ ತಬಲಾ ಸಾಥ್‌ಗೆ ಕೂತವರು ಸ್ವತಃ ಪಂಚಾಕ್ಷರಿ ಗವಾಯಿಗಳು. ಶಿಷ್ಯನ ಗಾಯನಕ್ಕೆ ಗುರುವೇ ಸಾಥ್ ಕೊಡುವುದು ಸಂಗೀತ ಲೋಕದಲ್ಲಿ ದಿನನಿತ್ಯದ ದೃಶ್ಯವಲ್ಲ. ರಾಜಗುರು ಆಮೇಲೆ ಸುರೇಶಬಾಬು ಮಾನೆ, ಮುಬಾರಕ ಅಲಿ ಖಾನರಂಥ ಬೇರೆ ಬೇರೆ ಘರಾಣೆಯವರಲ್ಲೂ ಕಲಿತರು. ಗವಾಯಿಗಳ ಶಾಲೆಯಲ್ಲಿ ಬಿದ್ದ ಅಡಿಪಾಯ ಅಷ್ಟೆಲ್ಲವನ್ನೂ ತಾಳಿಕೊಳ್ಳುವಷ್ಟು ಗಟ್ಟಿಯಾಗಿತ್ತು. ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮುಂತಾದವರೂ ಈ ಮನೆಯವರೇ. ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಕೂರಿಸಿ ಹಾಡುವ ಕ್ರಮ ಇಂದು ಮನೆಮಾತಾಗಿದೆ. ಅದನ್ನು ಕಚೇರಿಯವರೆಗೆ ತಂದವರಲ್ಲಿ ಈ ಗುರುಶಿಷ್ಯರ ಪಾಲೂ ಇದೆ.

1942ರಲ್ಲಿ ಗದುಗಿನಲ್ಲಿ ನೆಲೆ ಸಿಕ್ಕಿತು. ಗವಾಯಿಗಳು ಅದನ್ನು ಅನುಭವಿಸಿದ್ದು ಎರಡೇ ವರ್ಷ, 1944ರಲ್ಲಿ ಅವರು ತೀರಿಕೊಂಡರು. ಹೊಣೆ ಬಿದ್ದದ್ದು ಪುಟ್ಟರಾಜರ ಹೆಗಲ ಮೇಲೆ. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡು, ಗವಾಯಿಗಳ ಕೈಯಲ್ಲೇ ಬೆಳೆದವರು ಅವರು. ಮೂವತ್ತರ ಹರೆಯದಲ್ಲಿ ಪೀಠ ಹತ್ತಿ ಅರವತ್ತಾರು ವರ್ಷ ಆಶ್ರಮ ನಡೆಸಿದರು. ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ಸಾರಂಗಿ, ತಬಲಾ, ಪಿಟೀಲು ನುಡಿಸುತ್ತಿದ್ದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು. ಭಕ್ತರ ಬಾಯಲ್ಲಿ ಮಾತ್ರ ಅವರು ಬರೀ ‘ಅಜ್ಜಾರು’.

ಪುಟ್ಟರಾಜರ ಸಂಗೀತದ ಬಗ್ಗೆ ಬೇಕಾದಷ್ಟು ಹೊಗಳಿಕೆ ಬಂದಿದೆ. ಅವರ ಲೆಕ್ಕಾಚಾರದ ಜಾಣ್ಮೆಯ ಕಡೆಗೆ ಅಷ್ಟು ಗಮನ ಹೋಗಿಲ್ಲ. ಶುಲ್ಕ ತೆಗೆದುಕೊಳ್ಳದೆ ನೂರಾರು ಮಕ್ಕಳಿಗೆ ಊಟ, ವಸತಿ, ಪಾಠ ಕೊಡುವುದಕ್ಕೆ ಹಣ ಬಂದದ್ದು ಮುಖ್ಯವಾಗಿ ಎರಡು ಕಡೆಯಿಂದ. ಮೊದಲನೆಯದು ನಾಟಕ ಕಂಪನಿ. ಗುರುವಿನ ಹೆಸರಿನಲ್ಲಿ ನಡೆದ ಈ ಕಂಪನಿ ಜಾತ್ರೆಯಿಂದ ಜಾತ್ರೆಗೆ ಡೇರೆ ಹಾಕಿಕೊಂಡು ತಿರುಗಿತು. ನಾಟಕಗಳನ್ನು ಬರೆದವರಲ್ಲಿ ಪುಟ್ಟರಾಜರೂ ಒಬ್ಬರು. ಗಲ್ಲಾಪೆಟ್ಟಿಗೆಗೆ ಬಿದ್ದ ಹಣ ಆಶ್ರಮದ ಒಲೆಗೆ ಹೋಗುತ್ತಿತ್ತು, ಕಲಿತ ಹುಡುಗರಿಗೆ ಕಂಪನಿಯಲ್ಲೇ ಪೇಟಿ, ತಬಲಾ ನುಡಿಸುವ ಕೆಲಸವೂ ಸಿಗುತ್ತಿತ್ತು. ಎರಡನೆಯದು ತುಲಾಭಾರ. ಅಜ್ಜಾರನ್ನು ತಕ್ಕಡಿಯಲ್ಲಿ ಕೂರಿಸಿ ಅವರ ತೂಕದಷ್ಟು ನಾಣ್ಯವನ್ನೋ ಧಾನ್ಯವನ್ನೋ ಒಪ್ಪಿಸುವುದು ಊರೂರಿನ ಹರಕೆಯಾಯಿತು. ಸರಕಾರದ ನೆರವಿಗೆ ಕಾಯುತ್ತ ಕೂತಿದ್ದರೆ ಈ ಶಾಲೆ ಇಷ್ಟು ಬೆಳೆಯುತ್ತಿರಲಿಲ್ಲ.

ಕಲಿತವರ ಜೀವನೋಪಾಯದ ಪ್ರಶ್ನೆಗೆ ಉತ್ತರ ಆ ಸೀಮೆಯ ಆಚರಣೆಗಳಲ್ಲೇ ಇತ್ತು. ಶ್ರಾವಣ ಬಂತೆಂದರೆ ಬಯಲುಸೀಮೆಯ ಊರುಗಳಲ್ಲಿ ಪುರಾಣ ಹಚ್ಚುತ್ತಾರೆ. ತಿಂಗಳುಗಟ್ಟಲೆ ರಾತ್ರಿ ನಡೆಯುವ ಈ ಪ್ರವಚನಕ್ಕೆ ಒಬ್ಬ ಹಾಡುಗಾರ, ಒಬ್ಬ ತಬಲಾದವ ಬೇಕೇ ಬೇಕು. ಮಠದ ಜಾತ್ರೆ, ಶಿವಾನುಭವ ಗೋಷ್ಠಿ, ಭಜನೆಗಳಿಗೂ ಹಾಗೆಯೇ. ಆಶ್ರಮದ ಶಿಷ್ಯರು ಅಲ್ಲಿಗೆಲ್ಲ ಹೋದರು, ಹಲವರು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದರು. ಭೀಮಪಲಾಸಿಯೋ ಯಮನೋ ಹೊಲದಲ್ಲಿ ದುಡಿಯುವವರ ಕಿವಿಗೂ ಪರಿಚಯವಾದದ್ದರಲ್ಲಿ ಇವರ ಪಾಲು ದೊಡ್ಡದು. ದೊಡ್ಡ ವೇದಿಕೆಯ ಗಾಯಕರ ಹೆಸರು ಮಾತ್ರ ಪಟ್ಟಿ ಮಾಡಿ ಆಶ್ರಮದ ಸಾಧನೆ ಅಳೆಯುವುದು ಅರ್ಧ ಲೆಕ್ಕ.

ಹಾಗೆಂದು ಆ ಪಟ್ಟಿಯೇನೂ ಚಿಕ್ಕದಲ್ಲ. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಎಂ. ವೆಂಕಟೇಶ ಕುಮಾರ್ ಬಾಲ್ಯದಲ್ಲೇ ಆಶ್ರಮ ಸೇರಿ ಹನ್ನೆರಡು ವರ್ಷ ಪುಟ್ಟರಾಜರಲ್ಲಿ ಕಲಿತರು. ಆಮೇಲೆ ಧಾರವಾಡದ ಸಂಗೀತ ಕಾಲೇಜಿನಲ್ಲಿ ದಶಕಗಟ್ಟಲೆ ಕಲಿಸಿದರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1995ರ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರ ಆಶ್ರಮದ ಕಥೆಯನ್ನು ದಕ್ಷಿಣ ಕರ್ನಾಟಕದ ಮನೆಗಳಿಗೂ ಮುಟ್ಟಿಸಿತು. ಅದರ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಸಂಗೀತಕ್ಕೆ ಹಂಸಲೇಖ ರಾಷ್ಟ್ರಪ್ರಶಸ್ತಿ ಪಡೆದರು.

ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಆಶ್ರಮದ ಆಡಳಿತ ಕಲ್ಲಯ್ಯಜ್ಜನವರ ಕೈಗೆ ಬಂತು. ಅಂಧ ಹಾಗೂ ಬಡ ಮಕ್ಕಳಿಗೆ ಊಟ, ವಸತಿ, ಸಂಗೀತ ಪಾಠ ಅಲ್ಲಿ ಈಗಲೂ ಉಚಿತವಾಗಿಯೇ ಇದೆ.