ಜಗಲಿಯ ತನಕ

ಮಾನ್ವಿಯಲ್ಲಿ ಜಗನ್ನಾಥದಾಸರ ಮನೆ ಇದೆ. 18ನೇ ಶತಮಾನದಲ್ಲಿ ಬ್ಯಾಗವಾಟದಲ್ಲಿ ಹುಟ್ಟಿ, ಹರಿಕಥಾಮೃತಸಾರ ಬರೆದ ದಾಸರು. ಇವತ್ತು ಆ ಮನೆಯೇ ಗುಡಿ. ಅಲ್ಲಿನ ಒಂದು ಕಂಬದಲ್ಲಿ ದಾಸರು ಈಗಲೂ ಇದ್ದಾರೆ ಅಂತ ಭಕ್ತರ ನಂಬಿಕೆ. ಮನೆ ಅಂದ್ರೆ ಮನುಷ್ಯನೇ ಅನ್ನೋ ಮಾತನ್ನು ನಮ್ಮ ರಾಯಚೂರು ಸೀಮೆಯವರು ಅಷ್ಟು ಅಕ್ಷರಶಃ ತಗೊಂಡಿದ್ದಾರೆ.

ಆದರೆ ಮನೆ ತನ್ನ ಯಜಮಾನನ ದೊಡ್ಡತನದ ಜೊತೆ ಅವನ ಮಿತಿಯನ್ನೂ ಹೇಳಿಬಿಡುತ್ತೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದಿದವರಿಗೆ ಇದು ಗೊತ್ತಿರುತ್ತೆ. ಮಲೆನಾಡಿನ ದೂರ್ವಾಸಪುರ ಅಗ್ರಹಾರ. ಅಲ್ಲಿ ಪ್ರಾಣೇಶಾಚಾರ್ಯರ ಮನೆಯಲ್ಲಿ ಕಾಯಿಲೆಯ ಹೆಂಡತಿ ಭಾಗೀರಥಿ, ಅವಳ ಶುಶ್ರೂಷೆ, ತಾಳೆಗರಿ, ಪುರಾಣ. ನಾರಣಪ್ಪನ ಮನೆಯಲ್ಲಿ ಕುಡಿತ, ಮಾಂಸ, ಮುಸ್ಲಿಂ ಗೆಳೆಯರು, ಹಿತ್ತಲಲ್ಲಿ ಚಂದ್ರಿಯ ಮುಡಿಗೆ ಅಂತಲೇ ಹೂಗಿಡ. ಒಂದೇ ಊರು, ಒಂದೇ ಜಾತಿ, ಎರಡು ಮನೆ. ಕಾದಂಬರಿಕಾರರು ಇಬ್ಬರ ಗುಣವನ್ನೂ ಬೇರೆಯಾಗಿ ವರ್ಣಿಸಬೇಕಾಗೇ ಇಲ್ಲ.

ನಾರಣಪ್ಪ ಪ್ಲೇಗಿನಿಂದ ಸಾಯುತ್ತಾನೆ. ಹೆಣ ಎತ್ತೋಕೆ ಯಾರೂ ಮುಂದೆ ಬರಲ್ಲ. ದಿಕ್ಕಿಲ್ಲದ ಚಂದ್ರಿ ಆಚಾರ್ಯರ ಮನೆಗೆ ಬರುತ್ತಾಳೆ, ಅವಳಿಗೆ ಸಿಗೋದು ಜಗಲಿ. ಆಚಾರ್ಯರು ಕರುಣೆಯಿಲ್ಲದವರಲ್ಲ. ಆದರೆ ಆ ಕರುಣೆ ಎಲ್ಲಿಗೆ ನಿಲ್ಲುತ್ತೆ ಅನ್ನೋದನ್ನು ಜಗಲಿ ಹೇಳುತ್ತೆ. ಕೊನೆಗೆ ರಾತ್ರೋರಾತ್ರಿ ಹೆಣ ಸುಟ್ಟವರು ಚಂದ್ರಿ ಮತ್ತು ಅಹ್ಮದ್ ಬ್ಯಾರಿ. ಎಲ್ಲರೂ ಕೆಟ್ಟದ್ದು ಅಂದ ಮನೆಗೆ ಬಾಗಿಲು ತೆರೆದಿತ್ತು, ಹಾಗಾಗಿ ಆ ಬಾಗಿಲಿಂದ ಹೆಣ ಹೊರಗೆ ಒಯ್ಯಲು ಜನ ಸಿಕ್ಕರು.

ನಮ್ಮೂರು ದೇವದುರ್ಗದ ಕಡೆ. ಅಲ್ಲಿ ಹಳೆ ಮನೆಗಳನ್ನು ಚದರಡಿಯಲ್ಲಿ ಅಳೆಯಲ್ಲ, ಅಂಕಣದಲ್ಲಿ ಅಳೀತಾರೆ. ಸಾಲು ಕಂಬಗಳ ನಡುವಿನ ಜಾಗ ಒಂದು ಅಂಕಣ. ಕಲ್ಲು-ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ. ಎಷ್ಟು ಅಂಕಣ ಅಂದ್ರೆ ಸಾಕು, ಆಸ್ತಿ ಗೊತ್ತಾಗ್ತಿತ್ತು. ಯಾರು ಪಡಸಾಲಿವರೆಗೆ ಬಂದ್ರು, ಯಾರು ಕಟ್ಟಿ ಮೇಲೆ ಕೂತ್ರು, ಯಾರು ಕಟ್ಟಿ ಕೆಳಗೇ ನಿಂತು ಬೊಗಸೆಯೊಡ್ಡಿ ನೀರು ಕುಡಿದ್ರು ಅಂತ ನೋಡಿದ್ರೆ ಮನೆಯವರು ಎಂಥವರು ಅಂತ ಗೊತ್ತಾಗ್ತಿತ್ತು. 1948ರಲ್ಲಿ ನಿಜಾಮರ ಆಳ್ವಿಕೆ ಹೋಯ್ತು, 1950ರ ಸಂವಿಧಾನ ಅಸ್ಪೃಶ್ಯತೆ ರದ್ದು ಮಾಡಿತು. ಕಟ್ಟಿ ಮಾತ್ರ ತನ್ನ ಹಳೆ ಕಾನೂನು ಬೇಗ ಬಿಡಲಿಲ್ಲ.

ಈಗ ಅದೆಲ್ಲ ಎಲ್ಲಿದೆ ಅಂತೀರಾ? ರಾಯಚೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಮಾಲಕರು ನನ್ನ ಸಂಬಳ ಕೇಳಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, “ನೀವು ಯಾವ ಮಂದಿ?” ಅಂದ್ರು. ಹೊಳೆಯೋ ಗ್ರಾನೈಟ್, ಸಿಸಿಟಿವಿ, ತೇಗದ ಬಾಗಿಲು. ಆ ಮನೇಲಿ ಜಗಲಿನೇ ಇರಲಿಲ್ಲ, ಆದ್ರೂ ಜಗಲಿಯ ಕೆಲಸ ನಿಂತಿರಲಿಲ್ಲ.

ಅದಕ್ಕೇ ಹಳೆ ಮನೆಗಳ ಬಗ್ಗೆ ಹಾತೊರೆಯುವಾಗ ನನಗೆ ಸ್ವಲ್ಪ ಅಳುಕು. ಕಂಬ, ಕೆತ್ತನೆಯ ಫೋಟೋ ತೆಗೀತೀವಿ, ಆ ಕಂಬದಾಚೆ ಯಾರಿಗೆ ಪ್ರವೇಶ ಇರಲಿಲ್ಲ ಅಂತ ಕೇಳಲ್ಲ. ಊರಲ್ಲಿ ಅಣ್ಣ ಹೊಸ ಮನೆ ಕಟ್ಟಿಸ್ತಿದ್ದಾನೆ. ಪ್ಲಾನಿನಲ್ಲಿ ಕಟ್ಟಿ ಇಲ್ಲ. “ಬ್ಯಾಡಪಾ, ಮಂದಿ ಬಂದು ಕೂಡ್ತಾರ” ಅಂತಾನೆ. ಕಟ್ಟಿ ಇರಲಿ ಅಂದೆ, ಮಂದಿ ಬಂದು ಕೂಡಲಿ. ಬಂದವರು ಯಾರೇ ಆಗಲಿ, ಅಲ್ಲಿಂದ ಎದ್ದು ಒಳಗೆ ಬರೋ ಹಾಗಿರಲಿ, ಅಷ್ಟೇ.