ಒಂದು ಒಲೆ, ಒಂದು ಕಾರ್ಡು

ಬೆಂಗಳೂರಿನ ಹಳಬರು ರೇಷನ್ ಅಂಗಡಿಯನ್ನು ಇಂದಿಗೂ 'ಸೊಸೈಟಿ' ಎನ್ನುತ್ತಾರೆ. ಅಂಗಡಿ ಖಾಸಗಿಯವರದಾಗಿದ್ದರೂ ಅಲ್ಲಿಂದ ತಂದದ್ದು 'ಸೊಸೈಟಿ ಅಕ್ಕಿ'ಯೇ. ಧಾನ್ಯ ಹಂಚುವ ಕೆಲಸವನ್ನು ಸಹಕಾರ ಸಂಘಗಳು ವಹಿಸಿಕೊಂಡಿದ್ದ ಕಾಲ ಬಿಟ್ಟುಹೋದ ಮಾತು ಅದು. ಹೆಬ್ಬಾಳದ ಆಚೆ ಬಳ್ಳಾರಿ ರಸ್ತೆಯ ಮಗ್ಗುಲಲ್ಲಿರುವ ಸಹಕಾರನಗರಕ್ಕೂ ಹೆಸರು ಬಂದದ್ದು ಸಹಕಾರದಿಂದಲೇ. ಆದರೆ ಅಲ್ಲಿ ಸಂಘ ಕೊಟ್ಟದ್ದು ನಿವೇಶನ, ಅಕ್ಕಿಯಲ್ಲ. ಬಡಾವಣೆಯ ಬ್ಲಾಕುಗಳಲ್ಲಿ ಪಿಂಚಣಿದಾರರಿದ್ದಾರೆ. ಕೊಡಿಗೇಹಳ್ಳಿ, ತಿಂಡ್ಲು, ಅಮೃತಹಳ್ಳಿಗಳ ಕಡೆಯಿಂದ ಬಡಾವಣೆಯ ಮನೆಗೆಲಸಕ್ಕೆ, ಗಾರೆ ಕೆಲಸಕ್ಕೆ, ಕಾರು ಓಡಿಸಲು ಬರುವವರಿದ್ದಾರೆ. ಈ ಇಬ್ಬರನ್ನೂ ಸರ್ಕಾರ ಆಗಾಗ ಒಂದೇ ಪ್ರಶ್ನೆ ಕೇಳುತ್ತದೆ: ನಿಮ್ಮ ಮನೆಯಲ್ಲಿ ಏನಾದರೂ ಬದಲಾಗಿದೆಯೇ?

ಪಿಂಚಣಿದಾರರ ಉತ್ತರ ಸುಲಭ. ನವೆಂಬರ್ ತಿಂಗಳಲ್ಲಿ ಬ್ಯಾಂಕಿಗೆ ಹೋಗಿ ತಾವು ಬದುಕಿದ್ದೇವೆಂದು ಸಹಿ ಹಾಕಿಬಂದರೆ ಮುಗಿಯಿತು. 2014ರಿಂದ ಅದಕ್ಕೆ ಬೆರಳಚ್ಚಿನ ಯಂತ್ರವೂ ಬಂತು. ಪಿಂಚಣಿ ಒಬ್ಬರ ಹಕ್ಕು. ಆ ಒಬ್ಬರು ಇದ್ದಾರೆಯೇ ಇಲ್ಲವೇ ಎಂಬಷ್ಟೇ ತಿಳಿದರೆ ಸಾಕು. ಪಡಿತರ ಚೀಟಿಯ ಕಥೆ ಹಾಗಲ್ಲ. ಅದು ಸಂಸಾರದ ದಾಖಲೆ. ಸಂಸಾರವೆಂದ ಮೇಲೆ ಮಕ್ಕಳು ಹುಟ್ಟುತ್ತಾರೆ, ಹಿರಿಯರು ಹೋಗುತ್ತಾರೆ, ಮಗಳು ಗಂಡನ ಮನೆಗೆ ನಡೆಯುತ್ತಾಳೆ, ಅಣ್ಣತಮ್ಮಂದಿರು ಬೇರೆಯಾಗುತ್ತಾರೆ. ಇದೆಲ್ಲವನ್ನೂ ಒಂದು ರಟ್ಟಿನ ಮೇಲೆ ಹಿಡಿದಿಡಲು ಹೊರಟ ಸರ್ಕಾರದ ಎಂಟು ದಶಕಗಳ ಪ್ರಯತ್ನ ನಮ್ಮ ಸಾಮಾಜಿಕ ಇತಿಹಾಸದ ಒಂದು ಅಧ್ಯಾಯವೇ ಸರಿ.

'ಪಡಿತರ' ಎಂಬ ಮಾತು ರೇಷನ್‌ಗಿಂತ ಬಹಳ ಹಳೆಯದು. 'ಪಡಿ' ಎಂದರೆ ಅಳೆದು ಕೊಡುವ ಧಾನ್ಯ. ಮುಜರಾಯಿ ದೇವಸ್ಥಾನಗಳಲ್ಲಿ ನಿತ್ಯದ ನೈವೇದ್ಯಕ್ಕೆ, ದೀಪಕ್ಕೆ ಇಂತಿಷ್ಟೆಂದು ಗೊತ್ತುಮಾಡಿದ ಸಾಮಗ್ರಿಗೆ ಪಡಿತರ ಎಂಬ ಹೆಸರಿತ್ತು. ದೇವರ ಸಂಸಾರದಲ್ಲಿ ಹೆಚ್ಚು ಕಡಿಮೆ ಆಗುವುದಿಲ್ಲವಾದ್ದರಿಂದ ಆ ಲೆಕ್ಕ ವರ್ಷಗಟ್ಟಲೆ ಹಾಗೆಯೇ ನಡೆಯುತ್ತಿತ್ತು. ಮನುಷ್ಯರ ಮನೆಗಳನ್ನು ಎಣಿಸುವ ಪದ್ಧತಿಯೂ ಮೈಸೂರು ಸೀಮೆಯಲ್ಲಿ ಹೊಸದೇನಲ್ಲ. 1871ರ ಮೊದಲ ಜನಗಣತಿಗೂ ಮುನ್ನ 'ಖಾನೇಷುಮಾರಿ' ಎಂಬ ಮನೆಗಣತಿ ಇತ್ತು. ಅಲ್ಲಿ ಬರೆದುಕೊಳ್ಳುವ ಹೊಣೆ ಪಟೇಲ, ಶಾನುಭೋಗರದು. ಮನೆಯವರು ತಾವಾಗಿ ಕಚೇರಿಗೆ ಹೋಗಿ 'ನಮ್ಮಲ್ಲಿ ಒಬ್ಬರು ಕಡಿಮೆಯಾದರು' ಎಂದು ಒಪ್ಪಿಸಬೇಕಾಗಿರಲಿಲ್ಲ.

ಆ ಹೊಣೆ ಮನೆಯವರ ಹೆಗಲಿಗೆ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ, ದಕ್ಷಿಣ ಭಾರತಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತಿತು. ಮರುವರ್ಷ ಬಂಗಾಳದ ಭೀಕರ ಕ್ಷಾಮ. ಅದೇ 1943ರಲ್ಲಿ ಥಿಯೊಡೋರ್ ಗ್ರೆಗರಿ ಅಧ್ಯಕ್ಷತೆಯ ಆಹಾರಧಾನ್ಯ ನೀತಿ ಸಮಿತಿ ದೊಡ್ಡ ಪಟ್ಟಣಗಳಲ್ಲಿ ರೇಷನ್ ಜಾರಿಯಾಗಬೇಕೆಂದು ಶಿಫಾರಸು ಮಾಡಿತು. ಹಳ್ಳಿಯವನಿಗೆ ಲೆವಿ, ಪಟ್ಟಣದವನಿಗೆ ರೇಷನ್ ಎಂಬ ವ್ಯವಸ್ಥೆ ಬೇರೂರಿತು. ಸಹಕಾರನಗರ ಇನ್ನೂ ಹುಟ್ಟಿರಲಿಲ್ಲ. ಕೊಡಿಗೇಹಳ್ಳಿ ಬೆಂಗಳೂರು ಉತ್ತರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿಯ ರೈತ ಲೆವಿ ಕೊಡುವ ಕಡೆಯಲ್ಲಿದ್ದರೆ, ಮಲ್ಲೇಶ್ವರದ ಗುಮಾಸ್ತ ಸಾಲಿನಲ್ಲಿ ನಿಲ್ಲುವ ಕಡೆಯಲ್ಲಿದ್ದ.

ಇಂಗ್ಲೆಂಡಿನ ರೇಷನ್ ನಮ್ಮದಕ್ಕಿಂತ ಒಂದು ಮುಖ್ಯ ವಿಷಯದಲ್ಲಿ ಬೇರೆಯಾಗಿತ್ತು. ಅಲ್ಲಿ ಪ್ರತಿಯೊಬ್ಬರಿಗೂ ಅವರದೇ ಪುಸ್ತಕ. ದೊಡ್ಡವರಿಗೆ ಒಂದು ಬಣ್ಣ, ಶಾಲೆಯ ಮಕ್ಕಳಿಗೆ ನೀಲಿ, ಎಳೆಯ ಮಕ್ಕಳಿಗೂ ಬಸುರಿಯರಿಗೂ ಹಸಿರು. ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋದರೆ ಪುಸ್ತಕವೂ ಅವಳ ಜೊತೆಗೇ ಹೋಯಿತು. ನಮ್ಮ ದೇಶದ ಬಹುತೇಕ ಕಡೆ, ಮೈಸೂರು ಸಂಸ್ಥಾನದಲ್ಲಿ ಸಹ, ಚೀಟಿ ಮನೆಗೊಂದು. (ಪಶ್ಚಿಮ ಬಂಗಾಳದಲ್ಲಿ ಮಾತ್ರ ಇಂದಿಗೂ ತಲೆಗೊಂದು ಕಾರ್ಡು.) ಕಾಗದ ಉಳಿಯಿತು, ಗುಮಾಸ್ತರ ಕೆಲಸ ಕಡಿಮೆಯಾಯಿತು, ನಿಜ. ಆದರೆ 'ಮನೆ' ಎಂದರೇನು ಎಂಬ ತೊಡಕಿನ ಪ್ರಶ್ನೆ ರೇಷನ್ ಅಧಿಕಾರಿಯ ಮೇಜಿಗೆ ಬಂದು ಕೂತಿತು. ಜನಗಣತಿಯವರು ಕೊಟ್ಟುಕೊಂಡ ಉತ್ತರವೇ ಇಲ್ಲಿಯೂ ನಡೆಯಿತು: ಒಂದು ಅಡುಗೆಮನೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಒಂದು ಕುಟುಂಬ. ಒಂದು ಒಲೆ, ಒಂದು ಕಾರ್ಡು.

ಕಾರ್ಡಿನಲ್ಲಿ ಮನುಷ್ಯರು 'ಯೂನಿಟ್'ಗಳಾದರು. ದೊಡ್ಡವರು ಒಂದು ಯೂನಿಟ್, ಮಕ್ಕಳು ಅರ್ಧ. ಮಗು ಬೆಳೆದರೆ ಅರ್ಧ ಒಂದಾಗಬೇಕು, ಅಜ್ಜಿ ತೀರಿಕೊಂಡರೆ ಒಂದು ಕಳೆಯಬೇಕು, ನೆಂಟರು ಬಂದು ಹೆಚ್ಚು ದಿನ ನಿಂತರೆ ತಾತ್ಕಾಲಿಕ ಕಾರ್ಡು ಮಾಡಿಸಬೇಕು. ಕೂಡಿಸಬೇಕಾದ್ದನ್ನು ಜನ ಮರುದಿನವೇ ಹೋಗಿ ತಿಳಿಸುತ್ತಿದ್ದರು. ಕಳೆಯಬೇಕಾದ್ದು ತಡವಾಗುತ್ತಿತ್ತು. ಇದನ್ನು ಬರಿಯ ಅಪ್ರಾಮಾಣಿಕತೆ ಎಂದು ತಳ್ಳಿಹಾಕುವ ಮುನ್ನ ಅಂದಿನ ಅಳತೆಯನ್ನು ನೋಡಬೇಕು. ಯುದ್ಧ ಮುಗಿದ ಮೇಲೆ ಒಬ್ಬ ವಯಸ್ಕನಿಗೆ ದಿನಕ್ಕೆ 12 ಔನ್ಸ್ ಧಾನ್ಯ ಸಿಗುತ್ತಿತ್ತು. 1951ರ ಆರಂಭದಲ್ಲಿ ಅದನ್ನು 9 ಔನ್ಸಿಗೆ, ಎಂದರೆ ಸುಮಾರು ಕಾಲು ಕಿಲೋಗೆ ಇಳಿಸಲಾಯಿತು. ಮೈಮುರಿದು ದುಡಿಯುವವನ ಹೊಟ್ಟೆಗೆ ಅದು ಎಲ್ಲಿಗೂ ಸಾಲದು. ಸತ್ತ ಅಜ್ಜಿಯ 9 ಔನ್ಸು ಬದುಕಿದ್ದ ಮೊಮ್ಮಕ್ಕಳ ತಟ್ಟೆಗೆ ಬೀಳುತ್ತಿದ್ದರೆ ಅದನ್ನು ತಡೆದು ವರದಿ ಮಾಡುವಷ್ಟು ನಾಗರಿಕ ಪ್ರಜ್ಞೆ ಎಷ್ಟು ಮನೆಗಳಲ್ಲಿದ್ದೀತು?

ರಫಿ ಅಹಮದ್ ಕಿದ್ವಾಯಿ ಕೇಂದ್ರದ ಆಹಾರ ಮಂತ್ರಿಯಾಗಿ ನಿಯಂತ್ರಣಗಳನ್ನು ಒಂದೊಂದಾಗಿ ಸಡಿಲಿಸಿದರು. 1954ರ ಹೊತ್ತಿಗೆ ಯುದ್ಧಕಾಲದ ರೇಷನ್ ಮುಗಿದಿತ್ತು. ಆದರೆ ಕಾರ್ಡು ಮುಗಿಯಲಿಲ್ಲ. ಅರುವತ್ತರ ದಶಕದ ಬರ, ಅಮೆರಿಕದ ಗೋಧಿ, 1965ರಲ್ಲಿ ಆಹಾರ ನಿಗಮದ ಸ್ಥಾಪನೆ ಇವುಗಳ ನಡುವೆ ನ್ಯಾಯಬೆಲೆ ಅಂಗಡಿ ಶಾಶ್ವತವಾಯಿತು. ಈಗ ಕಾರ್ಡಿಗೆ ಇನ್ನೊಂದು ಬಗೆಯ ಬೆಲೆ ಬಂತು. ಬಾಡಿಗೆ ಮನೆಯವನಿಗೆ ವಿಳಾಸದ ಪುರಾವೆ ಎಂದರೆ ಅದೇ. ಮಗನ ಶಾಲೆಗೆ, ಬ್ಯಾಂಕಿನ ಖಾತೆಗೆ, ಪಾಸ್‌ಪೋರ್ಟಿಗೆ ಅದೇ. ವರ್ಗವಾಗಿ ಊರು ಬಿಡುವ ನೌಕರ ಹಳೆಯ ಕಾರ್ಡನ್ನು ಒಪ್ಪಿಸಿ 'ಸರೆಂಡರ್ ಸರ್ಟಿಫಿಕೇಟು' ಪಡೆದು ಜೋಪಾನವಾಗಿ ಟ್ರಂಕಿನಲ್ಲಿಟ್ಟುಕೊಳ್ಳುತ್ತಿದ್ದ. ಅದಿಲ್ಲದೆ ಹೊಸ ಊರಿನಲ್ಲಿ ಹೊಸ ಕಾರ್ಡಿಲ್ಲ. ಮನೆಗೆ ಗ್ಯಾಸ್ ಬಂದರೆ ಕಾರ್ಡಿನ ಮೇಲೆ ಏಜೆನ್ಸಿಯ ಮೊಹರು ಬೀಳುತ್ತಿತ್ತು, ಸೀಮೆಎಣ್ಣೆಗೆ ಕತ್ತರಿ ಬೀಳುತ್ತಿತ್ತು. ಹೀಗೆ ಒಲೆಯ ಸಂಖ್ಯೆಯ ಜೊತೆಗೆ ಒಲೆಯ ಜಾತಿಯೂ ವರದಿಯಾಗಬೇಕಾದ ಸಂಗತಿಯಾಯಿತು. ಕಾರ್ಡು ಗುರುತಿನ ಪತ್ರವಲ್ಲ, ವಾಸದ ಪುರಾವೆಯಲ್ಲ ಎಂದು ಕೇಂದ್ರದ 2015ರ ಪಡಿತರ ನಿಯಂತ್ರಣ ಆದೇಶ ಹೇಳಿತಾದರೂ ಅಷ್ಟು ಹೊತ್ತಿಗೆ ಎರಡು ತಲೆಮಾರು ಅದನ್ನು ಹಾಗೆಯೇ ಬಳಸಿಯಾಗಿತ್ತು.

ನಿಜವಾದ ತಿರುವು ಬಂದದ್ದು 1997ರ ಜೂನ್‌ನಲ್ಲಿ. ಅಲ್ಲಿಯವರೆಗೆ ಕಾರ್ಡು ಮುಖ್ಯವಾಗಿ ಬಾಯಿಗಳನ್ನು ಎಣಿಸುತ್ತಿತ್ತು. ಉದ್ದೇಶಿತ ಪಡಿತರ ವ್ಯವಸ್ಥೆ ಬಂದು ಬಡತನದ ರೇಖೆಯ ಕೆಳಗಿನವರು, ಮೇಲಿನವರು ಎಂದು ದೇಶವೇ ಇಬ್ಭಾಗವಾದ ಮೇಲೆ ಅದು ಜೇಬನ್ನೂ ಎಣಿಸತೊಡಗಿತು. ಕರ್ನಾಟಕದಲ್ಲಿ ಎಂಬತ್ತರ ದಶಕದಲ್ಲೇ ಬಡವರಿಗೆ ಹಸಿರು ಕಾರ್ಡು ಬಂದಿತ್ತಾದ್ದರಿಂದ ಇಲ್ಲಿಯವರಿಗೆ ಈ ವಿಂಗಡಣೆ ತೀರಾ ಹೊಸದಾಗಿರಲಿಲ್ಲ. ಮುಂದೆ ಮಾನದಂಡಗಳು ಬೆಳೆದವು. ವರ್ಷಕ್ಕೆ 1.20 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯವಿದ್ದರೆ ಇಲ್ಲ, ಸ್ವಂತ ಬಳಕೆಯ ಕಾರಿದ್ದರೆ ಇಲ್ಲ, ನಗರದಲ್ಲಿ 1,000 ಚದರ ಅಡಿಗಿಂತ ದೊಡ್ಡ ಪಕ್ಕಾ ಮನೆಯಿದ್ದರೆ ಇಲ್ಲ. ಸಾವನ್ನು ತಿಳಿಸಲು ಹಿಂಜರಿದ ಜನ ಏಳಿಗೆಯನ್ನು ತಿಳಿಸುತ್ತಾರೆಯೇ? 'ನಾನು ಈ ವರ್ಷ ಬಡವನಲ್ಲ' ಎಂದು ಅರ್ಜಿ ಬರೆದವರು ಅಪರೂಪ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಗಾರೆ ಕೆಲಸದವನ ಆದಾಯ ಮಳೆಗಾಲದಲ್ಲಿ ಒಂದು, ಬೇಸಗೆಯಲ್ಲಿ ಇನ್ನೊಂದು. ಯಾವ ತಿಂಗಳನ್ನು ಅವನು ವರದಿ ಮಾಡಬೇಕು?

ಸರ್ಕಾರವೂ ಸುಮ್ಮನೆ ಕೂರಲಿಲ್ಲ. 2001ರ ಕೇಂದ್ರದ ಆದೇಶದಲ್ಲಿ ಬೋಗಸ್ ಕಾರ್ಡುಗಳ ಜೊತೆಗೆ ಬೋಗಸ್ 'ಯೂನಿಟ್'ಗಳನ್ನೂ ಸತತವಾಗಿ ತೆಗೆಯುತ್ತಿರಬೇಕೆಂಬ ಮಾತಿದೆ. ಯುದ್ಧಕಾಲದ ಆ ಪದ ಅಲ್ಲಿಯವರೆಗೂ ಬಾಳಿತ್ತು. 2011ರ ಸುಮಾರಿಗೆ ಕರ್ನಾಟಕದಲ್ಲಿ ಕಾರ್ಡಿಗೆ ವಿದ್ಯುತ್ ಮೀಟರಿನ ಆರ್‌ಆರ್ ನಂಬರು ಜೋಡಿಸುವ ಆಂದೋಲನ ನಡೆಯಿತು. ಒಂದೇ ಮೀಟರಿನ ಕೆಳಗೆ ನಾಲ್ಕೈದು ಸಂಸಾರಗಳಿರುವ ಬೆಂಗಳೂರಿನ ವಠಾರಗಳಿಗೆ ಈ ಸೂತ್ರ ಸಲೀಸಾಗಿ ಹೊಂದುವಂಥದ್ದಲ್ಲ. ಒಲೆಯೇ ಬೇರೆ, ಮೀಟರೇ ಬೇರೆ.

ಮನೆಯ ಬದಲಾವಣೆ ಕಚೇರಿಗೆ ಮುಟ್ಟುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಜನರ ಸ್ವಭಾವಕ್ಕಿಂತ ಹೆಚ್ಚಾಗಿ ಹಂಚಿಕೆಯ ಲೆಕ್ಕಾಚಾರ. 2013ರ ಜುಲೈನಲ್ಲಿ ಅನ್ನಭಾಗ್ಯ ಆರಂಭವಾದಾಗ ಒಬ್ಬರೇ ಇರುವ ಕುಟುಂಬಕ್ಕೆ 10 ಕಿಲೋ, ಇಬ್ಬರಿಗೆ 20, ಮೂವರು ಅಥವಾ ಹೆಚ್ಚಿದ್ದರೆ 30 ಕಿಲೋ ಎಂದು ಗೊತ್ತಾಗಿತ್ತು. ಈ ಲೆಕ್ಕದಲ್ಲಿ ಐದು ಜನರ ಮನೆಯಲ್ಲಿ ಒಬ್ಬರು ಸತ್ತರೂ ಅಷ್ಟೇ, ಒಂದು ಮಗು ಹುಟ್ಟಿದರೂ ಅಷ್ಟೇ. ಹೇಳಿದರೆ ಲಾಭವಿಲ್ಲ, ಹೇಳದಿದ್ದರೆ ನಷ್ಟವಿಲ್ಲ. ಆದರೆ ಆರು ಜನರ ಮನೆ ಮೂರು ಮೂರಾಗಿ ಎರಡು ಕಾರ್ಡಾದರೆ 30 ಕಿಲೋ ಹೋಗಿ 60 ಆಗುತ್ತದೆ. ಒಲೆ ಒಡೆಯದೆಯೇ ಕಾರ್ಡು ಒಡೆಯುವ ಆಸೆಗೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಕೆ? ತಲೆಗಿಷ್ಟು ಎಂಬ ಲೆಕ್ಕ ಆಮೇಲೆ ಬಂದಾಗ ಆ ಆಸೆ ತಗ್ಗಿತು, ಬದಲಿಗೆ ಒಂದೊಂದು ಹೆಸರಿಗೂ ತೂಕ ಬಂತು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮತ್ತೊಂದು ದೊಡ್ಡ ಕೆಲಸ ಮಾಡಿತು. ಅದರ 13ನೆಯ ಕಲಮಿನಂತೆ 18 ವರ್ಷ ತುಂಬಿದ ಹಿರಿಯ ಹೆಂಗಸೇ ಮನೆಯ ಮುಖ್ಯಸ್ಥೆ. ಅಂಥವರಿಲ್ಲದಿದ್ದರೆ ಗಂಡಸು, ಆದರೆ ಆ ಮನೆಯ ಹುಡುಗಿಗೆ 18 ತುಂಬಿದ ದಿನ ಯಜಮಾನಿಕೆ ಅವಳಿಗೆ ಸೇರಬೇಕು. ಹತ್ತು ವರ್ಷ ಈ ಕಲಮು ಹೆಚ್ಚು ಸದ್ದು ಮಾಡಲಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಉದ್ಘಾಟನೆಯಾಗಿ, ಕಾರ್ಡಿನಲ್ಲಿರುವ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದಾದಾಗ ಅದರ ಅರ್ಥ ಮನೆಮನೆಗೂ ತಿಳಿಯಿತು. ಅತ್ತೆಗೋ ಸೊಸೆಗೋ ಎಂಬ ಚರ್ಚೆ ಹೋಟೆಲು, ಬಸ್ಸುಗಳಲ್ಲಿ ನಡೆಯಿತು. ನಗೆಮಾತು ಅಲ್ಲಿಗೆ ನಿಲ್ಲಲಿ. ಕಾರ್ಡಿನಲ್ಲಿ ಯಜಮಾನಿ ಎಂದಿರುವ ಅತ್ತೆ ಎಂದೋ ತೀರಿಕೊಂಡಿದ್ದು ಹೆಸರು ತೆಗೆಸದಿದ್ದ ಮನೆಯ ಪಾಡೇನು? ಅದೇ 2023ರ ಜುಲೈನಿಂದ 2025ರ ಆರಂಭದವರೆಗೆ ಹೆಚ್ಚುವರಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಡುತ್ತಿದ್ದುದೂ ಮುಖ್ಯಸ್ಥರ ಖಾತೆಗೇ. ಸತ್ತವರ ಹೆಸರನ್ನು ಇಟ್ಟುಕೊಂಡಿದ್ದರಿಂದ ಲಾಭವಾಗುತ್ತಿದ್ದ ಕಾಲ ಹೋಗಿ, ಇಟ್ಟುಕೊಂಡದ್ದಕ್ಕೇ ಬದುಕಿದ್ದವರು ಕಳೆದುಕೊಳ್ಳುವ ಕಾಲ ಬಂದಿತ್ತು. ತಿದ್ದುಪಡಿಗೆ ಅರ್ಜಿ ಕೊಡಲು ಕೆಲವೇ ದಿನಗಳ ಅವಕಾಶ, ಅದರಲ್ಲೂ ಸರ್ವರ್ ಕೆಲಸ ಮಾಡದೆ ಸೇವಾ ಕೇಂದ್ರಗಳ ಮುಂದೆ ಹೆಂಗಸರ ಸಾಲು. ಮರುವರ್ಷ ನವೆಂಬರಿನಲ್ಲಿ ಅನರ್ಹರದೆಂದು ಬಿಪಿಎಲ್ ಕಾರ್ಡುಗಳನ್ನು ತೆಗೆಯಲು ಹೋಗಿ ಗದ್ದಲವೆದ್ದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸಲು ಮುಖ್ಯಮಂತ್ರಿ ಸೂಚಿಸಬೇಕಾಯಿತು.

ಒಂದು ಒಲೆಯ ಕಲ್ಪನೆಯೇ ಈಗ ಸಡಿಲವಾಗಿದೆ. ರಾಯಚೂರು, ಯಾದಗಿರಿಗಳಿಂದ ಹೆಬ್ಬಾಳದ ಕಡೆಗೆ ಕಟ್ಟಡದ ಕೆಲಸಕ್ಕೆ ಬಂದ ಗಂಡಹೆಂಡಿರ ಕಾರ್ಡು ಊರಿನದು. ಮುದುಕರು, ಶಾಲೆಯ ಮಕ್ಕಳು ಅಲ್ಲಿ ಉಣ್ಣುತ್ತಾರೆ. ಇವರು ಇಲ್ಲಿ ಶೆಡ್ಡಿನಲ್ಲಿ ಬೇಯಿಸಿಕೊಳ್ಳುತ್ತಾರೆ. ಎಲ್ಲಿ ಬೇಕಾದರೂ ಪಡಿತರ ಪಡೆಯುವ ಸೌಲಭ್ಯ ಬಂದ ಮೇಲೆ ಹೆಬ್ಬೆಟ್ಟು ಒತ್ತಿದ ಕಡೆ ಅಕ್ಕಿ ಸಿಗುತ್ತದೆ, ಆದರೆ ಕಾರ್ಡು ಇನ್ನೂ ಅವರನ್ನು ಒಂದೇ ಅಡುಗೆಮನೆಯವರೆಂದೇ ಬರೆದುಕೊಂಡಿದೆ.

ಜನನ ಮರಣ ನೋಂದಣಿಯ 1969ರ ಕಾಯ್ದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ನೋಂದಣಿಯ ದತ್ತಾಂಶದಿಂದ ಪಡಿತರ ಚೀಟಿಯ ಪಟ್ಟಿಯನ್ನೂ ಸರಿಪಡಿಸಲು ಅದರಲ್ಲಿ ಅವಕಾಶವಿದೆ. ಹುಟ್ಟು ಸಾವುಗಳನ್ನು ಬರೆದಿಡುವ ಹೊಣೆ ಹೀಗೆ ಮತ್ತೆ ಶಾನುಭೋಗರ ಕಡೆಗೆ ಹೊರಟಂತಿದೆ, ಈ ಸಲದ ಶಾನುಭೋಗರು ಕಂಪ್ಯೂಟರು ಎಂಬುದಷ್ಟೇ ವ್ಯತ್ಯಾಸ. ಮದುವೆಗೆ ಮಾತ್ರ ಅಂಥ ದಾರಿಯಿಲ್ಲ. ಕೊಡಿಗೇಹಳ್ಳಿಗೆ ಸೊಸೆಯಾಗಿ ಬಂದ ಹುಡುಗಿಯ ಹೆಸರು ಮೊದಲು ತವರಿನ ಕಾರ್ಡಿನಿಂದ ಹೋಗಬೇಕು, ಆಮೇಲೆ ಗಂಡನ ಮನೆಯ ಕಾರ್ಡಿಗೆ ಏರಬೇಕು. ಎರಡಕ್ಕೂ ಬೇರೆ ಬೇರೆ ಅರ್ಜಿ. ಅವೆರಡರ ನಡುವಿನ ತಿಂಗಳುಗಳಲ್ಲಿ ಅವಳು ಯಾವ ಒಲೆಗೂ ಸೇರಿದವಳಲ್ಲ.